ಅತ್ತೆಯ ಪತ್ತೇದಾರಿ

ನಮ್ಮ ಸೋದರತ್ತೆಯ ಕಣ್ಣಿಗೆ ಬಿದ್ದ ಯಾವ ಗಂಡಸೂ ಇದುವರೆಗೆ ನಿರಪರಾಧಿಯಾಗಿ ಪಾರಾದದ್ದಿಲ್ಲ.

ಎಲ್ಲಕ್ಕೂ ಕಾರಣ ಒಂದು ಹಳೆಯ ಕಪ್ಪು ಬಿಳುಪು ಸಿನಿಮಾ. ಗೂಢಚಾರರು, ಎರಡು ಕೊಲೆ, ಕದ್ದ ಸೇನಾ ನಕ್ಷೆ, ಕೊನೆಯ ರೀಲಿನವರೆಗೂ ಸುಳಿವು ಕೊಡದ ಕಳ್ಳ. ಮೊಮ್ಮಗಳು ಅದನ್ನು ಮೊಬೈಲಿನಲ್ಲಿ ಹಾಕಿಕೊಟ್ಟಿದ್ದೇ ತಡ, ಕಟ್ಟೆಮಳಲವಾಡಿಯ ಮನೆಯಲ್ಲಿ ಮಧ್ಯಾಹ್ನದ ಮುದ್ದೆ ಉಂಡ ಮೇಲೆ ದಿನವೂ ಅದೇ ಪ್ರದರ್ಶನ. ಪ್ರೇಕ್ಷಕರು ಇಬ್ಬರು, ಅತ್ತೆ ಮತ್ತು ಮಾವ. ಸಿನಿಮಾ ಮುಗಿಯುತ್ತಿತ್ತು, ಅತ್ತೆಯ ಅನುಮಾನ ಮುಗಿಯುತ್ತಿರಲಿಲ್ಲ.

ಒಮ್ಮೆ ಮಿಕ್ಸಿ ರಿಪೇರಿಗೆಂದು ಹುಣಸೂರಿಗೆ ಹೋದಾಗ, ಮೋಡ ಕವಿದ ದಿನವೂ ಕಪ್ಪು ಕನ್ನಡಕ ಹಾಕಿದವನೊಬ್ಬ ಬಸ್ ಸ್ಟ್ಯಾಂಡಿನಲ್ಲಿ ಕಂಡ. ಅತ್ತೆ ಬಿಟ್ಟಾರೆಯೇ? ಮಿಕ್ಸಿ ಜಾರನ್ನು ಕಂಕುಳಲ್ಲಿ ಅವುಚಿಕೊಂಡೇ ಅವನ ಹಿಂದೆ ಬಸ್ಸು ಹತ್ತಿದರು. ಅವನು ಕಂಪಲಾಪುರದಲ್ಲಿ ಇಳಿದ, ಇವರೂ ಇಳಿದರು. ಅವನು ತಿರುಗಿ ನೋಡಿದರೆ ಇವರು ಕರೆಂಟ್ ಕಂಬದ ಹಿಂದೆ. ನಮ್ಮ ಅತ್ತೆಯನ್ನು ಮರೆಮಾಚಲು ಒಂದು ಕಂಬ ಸಾಕೇ? ಕೊನೆಗೆ ಆತ ಒಂದು ಮನೆಯ ಮುಂದೆ ನಿಂತ.

"ಯಾಕ್ರಮ್ಮ, ಹುಣಸೂರಿಂದ ನನ್ ಹಿಂದೇನೇ ಬತ್ತಾ ಇದ್ದೀರಲ್ಲ?"

ಅಷ್ಟರಲ್ಲಿ ಬಾಗಿಲು ತೆರೆದವರು ಅತ್ತೆಯ ಸ್ವಂತ ದೊಡ್ಡಮ್ಮನ ಮಗಳು. ಆತ ತನ್ನ ಮಗನಿಗೆ ಆ ಮನೆಯ ಹೆಣ್ಣನ್ನು ನೋಡಲು ಬಂದವನು. ಅತ್ತೆ ಒಂದಿಷ್ಟೂ ತಡವರಿಸಲಿಲ್ಲ.

"ನಾನೂ ಹೆಣ್ಣಿನ ಕಡೆಯೋಳೇ ಕಣ್ರೀ. ದಾರಿ ತಪ್ಪೀರಿ ಅಂತ ಜೊತೇಲೇ ಬಂದೆ."

ಕೇಸರಿಬಾತು ತಿಂದು, ಹುಡುಗನ ನಡತೆಯನ್ನೆಲ್ಲ ಕೆದಕಿ ಕೇಳಿಯೇ ಊರಿಗೆ ಮರಳಿದರು.

ಸ್ವಲ್ಪ ದಿನಕ್ಕೆ ಅವರ ಫೋನ್ ಬಂತು. "ನಿಮ್ ಮಾವ ಏನೋ ಮುಚ್ಚಿಡ್ತಾವ್ರೆ ಕಣೋ."

ನಾನು ನಕ್ಕುಬಿಟ್ಟೆ. ಕಾಫಿಗೆ ಸಕ್ಕರೆ ಸಾಲದು ಎನ್ನಲೂ ಸಂಕೋಚಪಡುವ ಮಾವ ಏನನ್ನು ತಾನೇ ಮುಚ್ಚಿಟ್ಟಾರು?

"ನಗಬ್ಯಾಡ. ನೀರು ಬಗ್ಗಿಸ್ಕೊಳ್ಳೋವಾಗ ಲೋಟದೊಳಕ್ಕೆ ಬೆರಳು ಇಟ್ಟು ನೋಡ್ತಾರೆ. ಮನೆಗೆ ಯಾರಾದ್ರೂ ಬಂದ್ರೆ, ಬಂದೋರು ಮಾತಾಡೋಗಂಟ ಇವ್ರು ಬಾಯಿ ಬುಡಾಕಿಲ್ಲ. ನಿನ್ನೆ ಬೇಕಂತ್ಲೇ ಮೊಬೈಲ್ ಬೋರಲಾಗಿ ಇಟ್ಟೆ. ಸೌಂಡ್ ಬತ್ತಾ ಇತ್ತು. ಅವ್ರು ಅಂಗೇ ನೋಡ್ತಾ ಕೂತಿದ್ರು." ಅತ್ತೆಯ ದನಿ ಸಣ್ಣಗಾಯಿತು. "ಅವ್ರಿಗೆ ಕಣ್ಣು ಕಾಣಾಕಿಲ್ಲ ಕಣೋ."

ಮೈಸೂರಿಗೆ ಕರೆದುಕೊಂಡು ಹೋದೆವು. ತಡವಾಗಿದೆ, ಹೋದ ದೃಷ್ಟಿ ಬರುವುದಿಲ್ಲ ಎಂದರು ವೈದ್ಯರು. ವಾಪಸು ಬರುವಾಗ, "ಮೊದಲೇ ಯಾಕೆ ಹೇಳಲಿಲ್ಲ ಮಾವ?" ಎಂದು ಕೇಳಿದೆ.

"ಹೇಳ್ಬುಟ್ರೆ ಇವಳು ಸಿನಿಮಾ ನೋಡೋದನ್ನೇ ಬುಟ್ಬುಡ್ತಾಳೆ ಅಂತ ಸುಮ್ಕಿದ್ದೆ."

ಅತ್ತೆ ಕಿಟಕಿಯ ಕಡೆ ಮುಖ ತಿರುಗಿಸಿ ಕೂತರು.

ಕಳೆದ ತಿಂಗಳು ಹೋದಾಗ ಸಿನಿಮಾ ನಡೆಯುತ್ತಿತ್ತು. ಮೊಬೈಲಿನ ದನಿಯನ್ನು ಪೂರ್ತಿ ನಿಲ್ಲಿಸಿ, ಅತ್ತೆಯೇ ಮಾವನ ಕಿವಿಯ ಹತ್ತಿರ ಕಥೆ ಹೇಳುತ್ತಿದ್ದರು. "ಬಾಗ್ಲ ಸಂದೀಲಿ ಯಾರೋ ನಿಂತವ್ರೆ... ಬೆಳಕಿಗೆ ಬಂದ್ರು... ಡಾಕ್ಟ್ರು ಕಣ್ರೀ. ಕಳ್ಳ ಡಾಕ್ಟ್ರೇಯ."

ನಾನು ಬಗ್ಗಿ ನೋಡಿದೆ. ಪರದೆಯ ಮೇಲೆ ನಿಂತಿದ್ದವನು ವಕೀಲ. ಆ ವಾರವೇ ಕಳ್ಳ ಒಂದು ದಿನ ಅಡುಗೆಯವನೂ ಇನ್ನೊಂದು ದಿನ ಇನ್‌ಸ್ಪೆಕ್ಟರೂ ಆಗಿಹೋಗಿದ್ದನೆಂದು ಆಮೇಲೆ ಮೊಮ್ಮಗಳು ಹೇಳಿದಳು.

ಮಾವ ಆ ಸಿನಿಮಾವನ್ನು ಕಣ್ಣಿದ್ದಾಗ ನೂರು ಸಲವಾದರೂ ನೋಡಿದವರು. ಗೋಡೆಗೆ ಒರಗಿ, ಅತ್ತೆಯ ಕೈಯನ್ನು ತಡವಿ ಹಿಡಿದುಕೊಂಡು, "ಡಾಕ್ಟ್ರಾ? ನಾನು ಅಂದ್ಕೊಂಡೇ ಇರ್ನಿಲ್ಲ ಕಣೆ" ಎಂದರು.