ಬಿಸಿಲು ಬೀಳದ ಬಾಲ್ಕನಿ

ನನಗೆ ಗೊತ್ತಿರುವುದು ಒಂದೇ ಒಂದು ವಿದ್ಯೆ. ಬಸ್ಸಿನಲ್ಲಿ ಬಿಸಿಲು ಯಾವ ಕಡೆ ಬೀಳುತ್ತದೆಂದು ಹತ್ತುವ ಮೊದಲೇ ಹೇಳಬಲ್ಲೆ. ಸೇಲಂನಲ್ಲಿ ಮನೆ, ಧರ್ಮಪುರಿಯಲ್ಲಿ ಕಚೇರಿ. ಸರ್ವೀಸೆಲ್ಲ ಓಡಾಟದಲ್ಲೇ ಕಳೆಯಿತು. ಬೆಳಿಗ್ಗೆ ಹೋಗುವಾಗ ಎಡಗಡೆ ಕೂರಬೇಕು, ಸಂಜೆ ಬರುವಾಗಲೂ ಎಡಗಡೆಯೇ. ಇದು ತಿಳಿಯದವರು ಬಲಗಡೆ ಕೂತು, ಬೆವರೊರೆಸಿಕೊಳ್ಳುತ್ತ ತೊಪ್ಪೂರು ಘಾಟಿ ಹತ್ತುವಾಗ ನನಗಾಗುತ್ತಿದ್ದ ಸಂತೋಷ ಒಳ್ಳೆಯ ಮನುಷ್ಯನದಲ್ಲ ಬಿಡಿ.

ನಿವೃತ್ತನಾದ ಮೇಲೆ ಹೆಂಡತಿ ಸರೋಜ ಹಡಗಿನ ಪ್ರವಾಸದ ಮಾತೆತ್ತಿದಳು. ಚೆನ್ನೈಯಿಂದ ದಕ್ಷಿಣಕ್ಕೆ ಹೋಗುವ ಹಡಗು. "ಬಾಲ್ಕನಿ ಇರೋ ರೂಮೇ ಬೇಕು ಕಣ್ರೀ. ಸಮುದ್ರದಾಗಿಂದ ಸೂರ್ಯ ಉಟ್ಟೋದ್ನ ಕಾಪಿ ಕುಡೀತಾ, ಯಾರ ತಳ್ಳಾಟಾನೂ ಇಲ್ದೆ ಒಂದ್ಸಲ ನೋಡ್ಬೇಕು" ಅಂದಳು. ಮದುವೆಯಾದಾಗಿನಿಂದ ಬಾಯಿಬಿಟ್ಟು ಏನನ್ನೂ ಕೇಳಿದವಳಲ್ಲ. ಈ ಆಸೆಯನ್ನಾದರೂ ನೆಟ್ಟಗೆ ನೆರವೇರಿಸಬೇಕೆಂದು ಟಿಕೆಟ್ ಮಾಡಿಸಲು ನಾನೇ ಹೊರಟೆ.

ಏಜೆಂಟ್ ಹುಡುಗಿ ಕಂಪ್ಯೂಟರಿನಲ್ಲಿ ಹಡಗಿನ ನಕ್ಷೆ ತೋರಿಸಿದಳು. "ಲೆಫ್ಟಾ ರೈಟಾ ಸಾರ್? ಎರಡು ಕಡೇನೂ ಬಾಲ್ಕನಿ ಐತೆ."

ಅಷ್ಟು ಸಾಕಾಯಿತು, ನನ್ನ ವಿದ್ಯೆ ಎದ್ದು ಕೂತಿತು. "ಕಪ್ಪಲು ತೆಂಕಲಿಗೆ ತಾನೆ ಓಗೋದು?"

"ಆಮಾ ಸಾರ್" ಎಂದು ತಲೆಯಾಡಿಸಿದಳು.

"ಅಂಗಾದ್ರೆ ರೈಟ್ ಆಕಮ್ಮಾ. ಬೆಳಿಗ್ಗೆ ಆ ಕಡೆ ವೆಯಿಲೇ ಬೀಳಲ್ಲ, ಬರೀ ನೆರಳು."

ಅವಳು ಏನೋ ಹೇಳಲು ಹೊರಟವಳು ಬಲಗಡೆಯ ರೂಮನ್ನೇ ಬುಕ್ ಮಾಡಿದಳು. ಅನುಭವಕ್ಕೆ ಮರ್ಯಾದೆ ಕೊಟ್ಟಳೆಂದುಕೊಂಡೆ.

ಹಡಗಿನಲ್ಲಿ ಮೊದಲ ಬೆಳಗು. ಸರೋಜ ಸ್ನಾನ ಮಾಡಿ, ರೇಷ್ಮೆ ಸೀರೆಯುಟ್ಟು, ಕಾಪಿ ಲೋಟ ಹಿಡಿದು ಬಾಲ್ಕನಿಯಲ್ಲಿ ನಿಂತಳು. ಆಕಾಶ ಬೆಳ್ಳಗಾಯಿತು, ನೀರು ನೀಲಿಯಾಯಿತು, ಕಾಪಿ ತಣ್ಣಗಾಯಿತು. "ಏನ್ರೀ, ಸೂರ್ಯ ಎಲ್ರೀ?"

ನಾನು ಕುರ್ಚಿಯಲ್ಲಿ ಕಾಲು ಚಾಚಿ ಹೆಮ್ಮೆಯಿಂದ ಅಂದೆ: "ಈ ಕಡೆ ಬರೋದೇ ಇಲ್ಲ. ನೋಡ್ಕೊಂಡೇ ಆಕ್ಸಿದೀನಿ."

ಅಂದಮೇಲೆ ನಾನೇನಂದೆ ಎಂಬುದು ನನಗೇ ಕೇಳಿಸಿತು. ಅಯ್ಯೋ ಶಿವನೇ!

ಅವಳು ಬೈಯಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಲೋಟ ಹಿಡಿದುಕೊಂಡೇ ಹಡಗಿನ ಎಡಪಕ್ಕಕ್ಕೆ ನಡೆದಳು. ಅಲ್ಲಿಯ ಬಾಲ್ಕನಿ ರೂಮಿನಲ್ಲಿದ್ದವರು ಶಂಕಗಿರಿಯ ಲಾರಿ ಮಾಲೀಕರು ಮತ್ತು ಅವರ ಹೆಂಡತಿ. ಹಿಂದಿನ ದಿನ ಊಟದಲ್ಲಿ ಪರಿಚಯವಾಗಿದ್ದರು. ಸ್ವಲ್ಪ ಹೊತ್ತಿಗೆ ಆ ಮಾಲೀಕರೇ ಕಣ್ಣುಜ್ಜಿಕೊಳ್ಳುತ್ತ ನಮ್ಮ ಬಾಗಿಲಿಗೆ ಬಂದರು. "ಅಲ್ಲಿ ಮುಖಕ್ಕೇ ವೆಯಿಲು ಸಾರ್, ಕೂರಕ್ಕಾಗಲ್ಲ. ಲೇಡೀಸ್ ಇಬ್ರೂ ಕೈಮುಗ್ದು ನಿಂತವ್ರೆ" ಎನ್ನುತ್ತ ನನ್ನ ಪಕ್ಕದ ಕುರ್ಚಿಯಲ್ಲಿ ಕೂತರು. "ಸೂಪರ್ ರೂಮು ಸಾರ್. ಇದಲ್ಲವಾ ಸೆಲೆಕ್ಷನ್!"

ನನ್ನ ವಿದ್ಯೆಯನ್ನು ಇಷ್ಟು ಬಾಯ್ತುಂಬ ಹೊಗಳಿದವರು ಇನ್ನೊಬ್ಬರಿಲ್ಲ. ಸರೋಜ ಕೇಳಿದ್ದ ಸೂರ್ಯನನ್ನು ಅವಳಿಗೆ ಕೊಟ್ಟವರು ಶಂಕಗಿರಿಯವರು. ನಾನು ಕೊಟ್ಟದ್ದು ಶಂಕಗಿರಿಯವರಿಗೆ ನೆರಳು.