ದ್ವಾರಕಾನಾಥನ ಬೂಟಿನ ಜಲಪರೀಕ್ಷೆ

"ನಂಗೆ ಟೋಪಿ ಹಾಕೋ ಅಂಗಡಿಯವನು ಈ ಭೂಮಂಡಲದಲ್ಲೇ ಇನ್ನೂ ಹುಟ್ಟಿಲ್ಲ!" ಎಂದು ದ್ವಾರಕಾನಾಥ ಹೊಸ ಬೂಟನ್ನು ಎತ್ತಿ ಹಿಡಿದು ಘೋಷಿಸಿದ.

ಜಪಾನಿನ ತ್ಸುಕುಬಾದ ಸಂಶೋಧನಾ ಸಂಸ್ಥೆಯಲ್ಲಿ ಅವನು ಕಾಡುಹಂದಿಗಳ ಓಡಾಟ ಪತ್ತೆಹಚ್ಚುವ ಯಂತ್ರ ತಯಾರಿಸಿದ್ದ. ಅದನ್ನು ಪರೀಕ್ಷಿಸಲು ಮರುದಿನ ಬೇಟೆಗಾರರ ಜೊತೆ ಹಿಮದ ಬೆಟ್ಟ ಹತ್ತಬೇಕು. ಮೊಟ್ಟೆಯನ್ನೂ ಮುಟ್ಟದ ಮಹಾನುಭಾವ, ಹಂದಿಬೇಟೆಗೆ! ಬೂಟು ಮಾರಿದವರು ಬೂಟಿನಂಗಡಿ ಇಟ್ಟಿದ್ದ, ಆ ತಂಡದ ಹಿರಿಯರೇ ಆದ ಓತಾನಿ ಸಾನ್, ಅಂದರೆ ಓತಾನಿಯವರು. ಒಳಗೆ ದಪ್ಪ ಉಣ್ಣೆ, ಹೊರಗೆ ನೀರು ಇಳಿಯದ ರಬ್ಬರು.

"ಅಷ್ಟೊಂದು ಬಗ್ಗಿ ನಮಸ್ಕಾರ ಮಾಡಿದ್ರು ಅಂದ್ರೆ ಏನೋ ಮುಚ್ಚಿಡ್ತಿದಾರೆ ಕಣೇ."

"ರೀ, ಇಲ್ಲಿ ಲಿಫ್ಟ್ ಬಾಗಿಲು ಹಿಡಿದ್ರೂ ಬಗ್ತಾರೆ!" ಎಂದಳು ಹೆಂಡತಿ ಅಹಲ್ಯಾ.

ಅನುಮಾನ ಹೋಗಲಿಲ್ಲ. ಬೂಟು ಹಾಕಿಕೊಂಡೇ ಹೋಗಿ ನೀರು ತುಂಬಿದ ಸ್ನಾನದ ತೊಟ್ಟಿಯಲ್ಲಿ ನಿಂತ.

"ಅಯ್ಯೋ, ಈ ದೇಶದಲ್ಲಿ ಮನೆಯೊಳಕ್ಕೇ ಚಪ್ಪಲಿ ತರಲ್ಲ, ನೀವು ಬಚ್ಚಲಿಗೇ ಇಳಿಸಿದ್ರಾ?"

ಕಾಲು ಒಣಗಿಯೇ ಇತ್ತು. ಅವನ ಅನುಮಾನ ಇನ್ನೂ ಹೆಚ್ಚಾಯಿತು.

"ಹೊರಗಿಂದ ಒಳಗೆ ಬರ್ಲಿಲ್ಲ, ಸರಿ. ಒಳಗಿಂದ ಹೊರಗೆ?" ಎಂದವನೇ ಬೂಟು ಕಳಚಿ, ಎರಡಕ್ಕೂ ಮಗ್ಗಿನಿಂದ ಕಂಠಪೂರ್ತಿ ನೀರು ಸುರಿದ. ಒಂದು ಹನಿಯೂ ಸೋರಲಿಲ್ಲ! "ಫಸ್ಟ್ ಕ್ಲಾಸ್ ಪಾಸು!"

"ಅದ್ಸರಿ, ಈಗ ಒಣಗ್ಸೋದು ಹೇಗೆ?"

ದ್ವಾರಕಾನಾಥ ಹೇರ್ ಡ್ರೈಯರ್ ಹಿಡಿದ, ಪೇಪರ್ ತುರುಕಿದ, ಹೀಟರ್ ಮುಂದೆ ಕೂರಿಸಿ ಕಾವಲು ಕಾದ. ಉಣ್ಣೆ ಮಾತ್ರ ನೆನೆಹಾಕಿದ ಉದ್ದಿನಬೇಳೆಯಂತೆ ಉಬ್ಬಿಕೊಂಡೇ ಇತ್ತು. ಬೇರೆ ಬೂಟಿಲ್ಲ, ಬೆಳಗ್ಗೆ ಅದನ್ನೇ ಹಾಕಿಕೊಂಡು ಹೊರಟ.

ಬೆಟ್ಟದ ಗುಡಿಸಲಲ್ಲಿ ಎಲ್ಲರೂ ಬಾಗಿಲಲ್ಲೇ ಬೂಟು ಕಳಚಿ ಒಲೆಯ ಸುತ್ತ ಕುಳಿತರು. ದ್ವಾರಕಾನಾಥನೂ ಕಳಚಲೇಬೇಕಾಯಿತು. ಚಾಪೆಯ ಮೇಲೆ ಒದ್ದೆ ಹೆಜ್ಜೆಗಳು ಮೂಡಿದವು. ಕಾಲುಚೀಲದಿಂದ ಹಬೆ ಎದ್ದಿತು!

ಓತಾನಿ ಸಾನ್ ಮುಖ ಬಿಳಿಚಿಕೊಂಡಿತು. "ಸುಮಿಮಾಸೆನ್, ಕ್ಷಮಿಸಿ! ನನ್ನ ಬೂಟು ಸೋರಿದೆ!" ಎಂದು ಹಣೆ ನೆಲಕ್ಕೆ ತಾಗುವಷ್ಟು ಬಗ್ಗಿದರು. ಅವರ ಅಂಗಡಿಯಲ್ಲೇ ಕೊಂಡಿದ್ದ ಉಳಿದ ಬೇಟೆಗಾರರೆಲ್ಲ ತಂತಮ್ಮ ಬೂಟುಗಳನ್ನು ತಿರುಗಿಸಿ ತಿರುಗಿಸಿ ಅನುಮಾನದಿಂದ ನೋಡತೊಡಗಿದರು. ಮಾರಾಟ ನಿಲ್ಲಿಸಲು ಹೇಳೋಣವೆಂದು ಓತಾನಿ ಸಾನ್ ಫೋನನ್ನೂ ತೆಗೆದರು.

ಸುಮ್ಮನಿದ್ದರೆ ತನ್ನ ಮಾನ ಉಳಿಯುತ್ತದೆ, ಹಿರಿಯರ ಮಾನ ಹೋಗುತ್ತದೆ. ದ್ವಾರಕಾನಾಥ ಫೋನಿಗೆ ಕೈ ಅಡ್ಡ ಹಿಡಿದ.

"ಸೋರಿಲ್ಲ, ಓತಾನಿ ಸಾನ್. ನಾನೇ ಒಳಗೆ ನೀರು ಸುರಿದೆ."

ಬೇಟೆಗಾರರೆಲ್ಲ ತಮ್ಮ ಬೂಟು ಕೆಳಗಿಟ್ಟು ಅವನತ್ತ ತಿರುಗಿದರು.

"ಯಾಕೆ?" ಓತಾನಿ ಸಾನ್ ಬಹಳ ಮರ್ಯಾದೆಯಿಂದ ಕೇಳಿದರು.

"ಹೊರಗೆ ಬರುತ್ತಾ ಅಂತ ನೋಡೋಕೆ."

"ಬಂತಾ?"

"ಇಲ್ಲ."

"ಅರಿಗಾತೋ, ಧನ್ಯವಾದ!" ಎಂದು ಅವರು ನೆಮ್ಮದಿಯಿಂದ ಇನ್ನೊಮ್ಮೆ ಬಗ್ಗಿದರು. ಉಳಿದವರ ನಗೆಗೆ ಇದ್ದಬದ್ದ ಹಂದಿಗಳೆಲ್ಲ ಬೆಟ್ಟ ಬಿಟ್ಟು ಓಡಿರಬೇಕು, ಅವನ ಯಂತ್ರ ಆ ದಿನ ಒಂದನ್ನೂ ಪತ್ತೆಹಚ್ಚಲಿಲ್ಲ.

ಸಂಜೆ ಸೀನುತ್ತಾ ಮನೆಗೆ ಬಂದವನಿಗೆ ಅಹಲ್ಯಾ ಬಿಸಿ ಸಾರು ಕೊಟ್ಟು ಕೇಳಿದಳು: "ಬೂಟು ಹೇಗಿತ್ತು ರೀ?"

"ಎಷ್ಟು ನಿಯತ್ತಿನ ಬೂಟು ಅಂತೀಯ! ನಾನು ಸುರಿದ ನೀರನ್ನ ಇವತ್ತೂ ಒಂದು ಹನಿ ಹೊರಗೆ ಬಿಡ್ಲಿಲ್ಲ ಕಣೇ!"