ಟೆಂಟು ಬಾಡಿಗೆಗೆ ಕೊಟ್ಟ ಮೇಲೆ

ಶಾಮಿಯಾನದ ಅಂಗಡಿ ಇಟ್ಟವನ ಬದುಕಿನಲ್ಲಿ ನಗುವಂಥ ಪ್ರಸಂಗಗಳು ವಾರಕ್ಕೊಂದಾದರೂ ನಡೆಯುತ್ತವೆ; ನಡೆಯುವ ಹೊತ್ತಿಗೆ ನಗು ಬರದೇ ಇರುವುದು ನನಗೊಬ್ಬನಿಗೆ ಮಾತ್ರ. ನಾನು ಹುಣಸೂರಿನಲ್ಲಿ ಮದುವೆ, ಗೃಹಪ್ರವೇಶ, ತಿಥಿಗಳಿಗೆ ಶಾಮಿಯಾನ, ಕುರ್ಚಿ, ಪಾತ್ರೆ ಬಾಡಿಗೆಗೆ ಕೊಡುವವನು. ಗಾಳಿ ಸ್ವಲ್ಪ ಜೋರಾದರೆ ಸಾಕು, ಎಲ್ಲಿ ಯಾರ ಮದುವೆಯ ಚಪ್ಪರ ಎದ್ದು ಹೋಯಿತೋ ಎಂದು ಬೀದಿಗೆ ಬಂದು ನಿಲ್ಲುತ್ತೇನೆ. ಇಂಥವನು ಸುಮ್ಮನಿರಬೇಕಿತ್ತು. ಬೆಂಗಳೂರು, ಮೈಸೂರಿನವರು ರಜೆ ಬಂದರೆ ಕ್ಯಾಂಪಿಂಗ್ ಎಂದು ಈ ಕಡೆ ಬರುವುದನ್ನು ನೋಡಿ, ನಾಲ್ಕು ಸಣ್ಣ ಟೆಂಟು ತಂದಿಟ್ಟೆ.

ಪಕ್ಕದ ಕಾಡಿನೊಳಗೆ ಟೆಂಟು ಹಾಕಲು ಅರಣ್ಯ ಇಲಾಖೆಯವರು ಬಿಡುವುದಿಲ್ಲ. ಬಿಟ್ಟಿದ್ದರೂ ಕಳಿಸುವ ಧೈರ್ಯ ನನಗಿರಲಿಲ್ಲ. ಹನಗೋಡಿನ ಹತ್ತಿರ ಲಕ್ಷ್ಮಣತೀರ್ಥ ಹೊಳೆಯ ದಡದಲ್ಲಿ ನನ್ನ ಸ್ನೇಹಿತನ ಹೊಲವಿದೆ. ಅಂಚಿನಲ್ಲೇ ಅವನ ಮನೆ. ಬಂದವರನ್ನು ಅಲ್ಲಿಗೆ ಕಳಿಸುತ್ತೇನೆ. ಕಳಿಸಿ, ವಾಪಸ್ ಬರುವ ತನಕ ಫೋನು ಕೈಯಲ್ಲಿ ಹಿಡಿದು ಕೂರುತ್ತೇನೆ.

ಆನೆಯ ಗ್ಯಾರಂಟಿ

ಒಂದು ದಿನ ಬೆಳಿಗ್ಗೆ ಬೆಂಗಳೂರಿನಿಂದ ಒಬ್ಬ ಹೆಣ್ಣುಮಗಳು ಫೋನ್ ಮಾಡಿದರು. ಟೆಂಟ್ ಹೇಗಿದೆ, ನೀರು ಸಿಗುತ್ತಾ, ಏನೂ ಕೇಳಲಿಲ್ಲ. "ಅಲ್ಲಿ ಆನೆ ಬರಲ್ಲ ತಾನೇ?" ಎಂದರು. ದನಿ ಕೇಳಿದರೇ ಗೊತ್ತಾಗುತ್ತಿತ್ತು, ಹೆದರಿದ್ದಾರೆ ಅಂತ. "ಇಲ್ಲ ಕಣ್ರಮ್ಮ, ಬೇಲಿ ಅದೆ, ಪಕ್ಕದಲ್ಲೇ ಮನೆ ಅದೆ, ಆ ಹೊಲಕ್ಕೆ ಆನೆ ಬಂದಿದ್ದನ್ನ ನಾನಂತೂ ಕೇಳಿಲ್ಲ" ಎಂದೆ. ಅವರು ಸಮಾಧಾನವಾಗಿ ಫೋನ್ ಇಟ್ಟರು.

ಸಂಜೆ ಬೆಂಗಳೂರಿನಿಂದಲೇ ಒಬ್ಬ ಗಂಡಸಿನ ಫೋನು. "ಆನೆ ನೋಡೋಕೆ ಸಿಗುತ್ತಾ?" ಇಲ್ಲ ಎಂದರೆ ಗಿರಾಕಿ ಹೋಗುತ್ತದೆ, ಹೌದು ಎಂದರೆ ಸುಳ್ಳಾಗುತ್ತದೆ. ಎರಡಕ್ಕೂ ಹೆದರಿ, "ಕಾಡು ದೂರ ಇಲ್ಲ ಸಾರ್. ಅದೃಷ್ಟ ಇದ್ರೆ ಕಾಣ್ಬೋದು" ಎಂದೆ.

ಶನಿವಾರ ಅಂಗಡಿ ಮುಂದೆ ಒಂದು ಕಾರು ನಿಂತಿತು. ಮುಂದಿನ ಒಂದು ಬಾಗಿಲಿಂದ ಗಂಡ, ಇನ್ನೊಂದರಿಂದ ಹೆಂಡತಿ ಇಳಿದರು. ಮಾತಾಡಿದ ಕೂಡಲೇ ಗುರುತು ಸಿಕ್ಕಿತು, ಫೋನಿನಲ್ಲಿ ಕೇಳಿದ ಅವೇ ಎರಡು ದನಿ.

ಗಂಡ ದುರ್ಬೀನು ತೋರಿಸಿ, "ಆನೆಗೋಸ್ಕರ ತಂದಿದ್ದು" ಎಂದರು.

ಹೆಂಡತಿ ನನ್ನ ಕಡೆ ತಿರುಗಿದರು. "ನೀವು ನಂಗೆ ಏನು ಹೇಳಿದ್ರಿ?"

"ಬರಲ್ಲ ಅಂದಿದ್ದೆ ಅಮ್ಮ."

"ನಂಗೆ ಅದೃಷ್ಟ ಇದ್ರೆ ಅಂದಿದ್ರಲ್ಲ?" ಎಂದರು ಗಂಡ.

ಇಬ್ಬರೂ ನನ್ನನ್ನೇ ನೋಡುತ್ತಿದ್ದರು. ತಪ್ಪಿಸಿಕೊಳ್ಳುವ ದಾರಿಯೇ ಇರಲಿಲ್ಲ.

"ಹೌದು ಸಾರ್, ಅದೃಷ್ಟ ಇದ್ರೆ ಅಂದಿದ್ದೆ" ಎಂದೆ. "ಯಾರ ಅದೃಷ್ಟ ಅಂತ ಹೇಳಿರ್ಲಿಲ್ಲ."

ಟೆಂಟಿನ ಮುಂದೆ ನಿಂತದ್ದು

ಇನ್ನೊಂದು ಸಲ ಬೆಂಗಳೂರಿನ ಮೂವರು ಗೆಳೆಯರು ಬಂದಿದ್ದರು. ಟ್ರಾಫಿಕ್ಕು, ಮೀಟಿಂಗು ಎಲ್ಲ ಸಾಕಾಗಿದೆ, ಯಾರೂ ಮಾತಾಡಿಸಬಾರದು, ಸುಮ್ಮನೆ ಹೊಳೆ ನೋಡುತ್ತ ಕೂರಬೇಕು, ಅಷ್ಟೇ ಅವರ ಆಸೆ. ಸ್ನೇಹಿತನಿಗೆ ಆ ದಿನ ಪಿರಿಯಾಪಟ್ಟಣದಲ್ಲಿ ಏನೋ ಕೆಲಸ, ಮನೆಯಲ್ಲಿ ಅವನ ತಾಯಿ ಒಬ್ಬರೇ. ಟೆಂಟು ಕಟ್ಟಿಕೊಟ್ಟು, "ಏನಾದ್ರೂ ಆದ್ರೆ ಫೋನ್ ಮಾಡಿ" ಎಂದು ಹೇಳಿ ಬಂದೆ.

ದೀಪ ಹಚ್ಚುವ ಹೊತ್ತಿಗೆ ಫೋನು ಬಂತು. ಮೂವರಲ್ಲಿ ಒಬ್ಬರು ಪಿಸುದನಿಯಲ್ಲಿ, "ಸಾರ್, ಟೆಂಟ್ ಮುಂದೆ ಬಂದು ನಿಂತ್ಬಿಟ್ಟು, ಹೋಗ್ತಾನೇ ಇಲ್ಲ" ಎಂದರು.

ನಾನು ಕೂತಲ್ಲಿಂದ ಎದ್ದು ನಿಂತೆ. "ಅಲ್ಲಾಡ್ಬೇಡಿ. ಲೈಟು ಬಿಡ್ಬೇಡಿ. ದೊಡ್ಡದೋ ಸಣ್ಣದೋ?"

"ಕುಳ್ಳಗಿದ್ದಾರೆ ಸಾರ್."

"ಇದ್ದಾರಾ? ಯಾರು?"

"ಅಜ್ಜಿ. ಮುದ್ದೆ ತಂದಿದ್ದಾರೆ. ಮೊದಲು ಉಪ್ಪಿಟ್ಟು ತಂದ್ರು, ಆಮೇಲೆ ಮಜ್ಜಿಗೆ. ಈಗ ನಾವು ಮನೆ ಒಳಗೆ ಬಂದು ಮಲಗೋ ತನಕ ಇಲ್ಲಿಂದ ಕದಲಲ್ಲ ಅಂತಿದ್ದಾರೆ."

ಫೋನು ಅಜ್ಜಿಗೆ ಕೊಡಿಸಿದೆ. "ಅವ್ವಾ, ಅವ್ರು ದುಡ್ಡು ಕೊಟ್ಟು ಹೊರಗೆ ಮಲಗೋಕೆ ಬಂದವ್ರೆ, ಬುಡಿ" ಎಂದೆ.

"ಮನೆ ಇಟ್ಕಂಡು ಬಂದೋರ್ನ ಬಯಲಲ್ಲಿ ಮಲಗ್ಸುದ್ರೆ ಊರೋರು ನನ್ನ ಏನಂದಾರ್ಲಾ?" ಎಂದರು ಅಜ್ಜಿ. "ನೀನು ಟೆಂಟು ಕೊಟ್ಟು ಒಂಟೋದೆ. ಬೈಸ್ಕಳೋಳು ನಾನು."

ಮುಂದಿನದು ನನ್ನ ಕೈಯಲ್ಲಿರಲಿಲ್ಲ. ಬೆಳಿಗ್ಗೆ ಎದ್ದವನೇ ಸ್ಕೂಟರಿನಲ್ಲಿ ಹೋದೆ. ಬೆಂಗಳೂರಿನವರು ಮೂವರೂ ಮನೆಯ ಜಗಲಿ ಮೇಲೆ ಕಂಬಳಿ ಹೊದ್ದು ಗೊರಕೆ ಹೊಡೆಯುತ್ತಿದ್ದರು. ಅಜ್ಜಿ ಎಲ್ಲಿ ಎಂದು ಹುಡುಕುತ್ತಿದ್ದಾಗ ಟೆಂಟಿನ ಜಿಪ್ಪು ಸರ್ರೆಂದು ತೆರೆದು, ಸೆರಗು ಸರಿಮಾಡಿಕೊಳ್ಳುತ್ತ ಅಜ್ಜಿ ಹೊರಗೆ ಬಂದರು.

"ಬಾಡಿಗೆ ಕೊಟ್ಟವ್ರಲ್ಲ, ಪಾಪ," ಎಂದರು. "ದಂಡ ಯಾಕೆ ಮಾಡದು ಅಂತ."

ಟೆರೇಸಿನ ಮೇಲೆ

ನನಗಿಂತ ಹೆಚ್ಚು ಹೆದರುವವರು ಈ ಲೋಕದಲ್ಲಿದ್ದಾರೆ ಎಂದು ಗೊತ್ತಾದದ್ದು ಮೈಸೂರಿನ ಒಬ್ಬ ಆಫೀಸರಿಂದ. ಹೆಂಡತಿಯ ಜೊತೆ ಒಂದು ದಿನ ಟೆಂಟಿನಲ್ಲಿ ಕಳೆಯಬೇಕೆಂದು ಅವರ ಯೋಜನೆ. ದಿನಾ ಫೋನು. ಹಾವು ಬಂದರೆ? ಮಳೆ ಬಂದರೆ? ಜಿಪ್ಪು ಒಳಗಿನಿಂದ ಸಿಕ್ಕಿಹಾಕಿಕೊಂಡರೆ? ಅವರು ಕೇಳಿದ್ದನ್ನೆಲ್ಲ ಕೇಳಿ, ನನಗೆ ಹೊಳೆಯದ ಭಯಗಳೂ ನನಗೆ ಅಂಟಿದವು.

ಕೊನೆಗೆ ಅವರೇ ಒಂದು ಉಪಾಯ ಹೇಳಿದರು. "ಮೊದಲು ನಮ್ಮ ಅಪಾರ್ಟ್‌ಮೆಂಟಿನ ಟೆರೇಸ್ ಮೇಲೆ ಒಂದು ಟ್ರಯಲ್ ನೋಡೋಣ."

ಭಾನುವಾರ ಮಧ್ಯಾಹ್ನ ಟೆಂಟು ಹೊತ್ತು ಮೈಸೂರಿಗೆ ಹೋದೆ. ಕಾಂಕ್ರೀಟಿನಲ್ಲಿ ಗೂಟ ಇಳಿಯುವುದಿಲ್ಲವಲ್ಲ, ಹಗ್ಗವನ್ನು ನೀರಿನ ಟ್ಯಾಂಕಿನ ಕಾಲಿಗೆ ಬಿಗಿದೆ. ಆ ಹೊತ್ತಿಗೆ ಅವರ ಹೆಂಡತಿ ಒಂದೊಂದೇ ಸಾಮಾನು ಮೆಟ್ಟಿಲು ಹತ್ತಿಸುತ್ತಿದ್ದರು. ಹಾಸಿಗೆ, ದಿಂಬು, ಕುಕ್ಕರು, ಕೊನೆಗೆ ಸೂಟ್‌ಕೇಸು. ಅಡಿಗೆಗೆ ಈರುಳ್ಳಿ ಹೆಚ್ಚಿದ್ದರಂತೆ, ಕಣ್ಣು ಕೆಂಪಗಾಗಿ ನೀರು ಸುರಿಯುತ್ತಿತ್ತು. ಇದನ್ನೆಲ್ಲ ಕೆಳಗಿನ ಮನೆಯ ಹೆಂಗಸು ಬಾಗಿಲ ಸಂದಿನಿಂದ ನೋಡಿದ್ದಾರೆ. ಅವರೂ ಈ ಹೆಂಡತಿಯೂ ಕೆ.ಆರ್. ನಗರದ ಕಡೆ ಒಂದೇ ಊರಿನವರು. ಊರಿಗೆ ಫೋನು ಹೋಯಿತು.

ಟೆಂಟು ನಿಲ್ಲಿಸಿ, ಊಟ ಮುಗಿಸಿ, ಸಂಜೆಯ ಕಾಫಿ ಕುಡಿಯುತ್ತಿದ್ದೆವು. ಆಫೀಸರ ಮಾವ ಏದುಸಿರು ಬಿಡುತ್ತ ಟೆರೇಸಿಗೆ ಹತ್ತಿ ಬಂದರು. ಹಿಂದೆ ಊರಿನ ಇಬ್ಬರು ಹಿರಿಯರು. ಮೂವರೂ ಟೆಂಟು ನೋಡಿದರು. ಸೂಟ್‌ಕೇಸು ನೋಡಿದರು. ಅಳಿಯನ ಮುಖ ಬಿಳಿಚಿಕೊಂಡಿತು. ನಾನು ಲೋಟ ಕೆಳಗಿಟ್ಟೆ.

ಮಾವ ನೇರವಾಗಿ ನನ್ನ ಹತ್ತಿರ ಬಂದರು. "ನೀವ್ಯಾರು?"

"ಟೆಂಟು ಬಾಡಿಗೆಗೆ ಕೊಟ್ಟೋನು."

"ಎಷ್ಟು ದಿನಕ್ಕೆ ಕೊಟ್ಟಿದ್ದೀರಿ?"

"ಎರಡು ದಿನಕ್ಕೆ."

"ಅದಾದ್ಮೇಲೆ?"

"ಬಿಚ್ಕೊಂಡು ಹೋಗ್ತೀನಿ."

ಅವರು ಸೂಟ್‌ಕೇಸಿನ ಕಡೆ ಕೈ ತೋರಿಸಿದರು. "ಆಮೇಲೆ ನನ್ ಮಗಳು ಎಲ್ಲಿಗೆ ಹೋಗ್ಬೇಕು?"

ಆಗ ಮಗಳು ಓಡಿ ಬಂದು ಅಪ್ಪನ ಕೈ ಹಿಡಿದುಕೊಂಡರು. ಜಗಳ ಇಲ್ಲಪ್ಪ, ಈರುಳ್ಳಿ ಅಷ್ಟೇ. ಮುಂದಿನ ವಾರ ಹೊಳೆ ದಂಡೆಯಲ್ಲಿ ಹೀಗೇ ಮಲಗೋಕೆ ಹೋಗ್ತೀವಿ, ಅದಕ್ಕೇ ಅಭ್ಯಾಸ. ಅಳಿಯನೂ ತಡವರಿಸುತ್ತ ಅದನ್ನೇ ಹೇಳಿದರು. ಮಾವ ಬಗ್ಗಿ ಟೆಂಟಿನ ಒಳಗೆ ತಲೆ ಹಾಕಿದರು, ಹಾಸಿಗೆ ಮುಟ್ಟಿ ನೋಡಿದರು, ಹೊರಗೆ ಬಂದು ಹಿರಿಯರ ಮುಖ ನೋಡಿದರು. ಹಿರಿಯರು ಆಕಾಶ ನೋಡಿದರು.

"ಅಲ್ಲ ಕಣವ್ವ," ಎಂದರು ಮಾವ ಮೆಲ್ಲಗೆ. "ಜಗಳ ಆಗಿದ್ರೆ ಊರಲ್ಲಿ ಹೇಳ್ಕೋಬೋದಾಗಿತ್ತು. ಅದು ಎಲ್ರ ಮನೇಲೂ ಆಗೋದೇ. ಮನೆ ಇದ್ದು, ಜಗಳಾನೂ ಇಲ್ದೆ, ಗಂಡ ಹೆಂಡ್ತಿ ಹೊರಗೆ ಮಲಗ್ತಾವ್ರೆ ಅಂತ ನಾನು ಯಾರ ಹತ್ರ ಹೇಳ್ಲಿ?"

ಕೊನೆಗೆ ಅವರೇ ಟವಲ್ಲು ಹೆಗಲಿಗೆ ಹಾಕಿಕೊಂಡು ಮೆಟ್ಟಿಲ ಕಡೆ ತಿರುಗಿದರು.

"ಒಂದ್ ಕೆಲ್ಸ ಮಾಡಿ. ಜೋರಾಗೇ ಜಗಳ ಆಗಿತ್ತು, ನಾವು ಬಂದು ರಾಜಿ ಮಾಡಿಸ್ದೊ ಅಂತ ಹೇಳ್ತೀನಿ. ಯಾರಾದ್ರೂ ಕೇಳಿದ್ರೆ ನೀವಿಬ್ರೂ ಹೂಂ ಅಂದ್ಬುಡಿ, ಮನೆ ಮರ್ಯಾದೆ ಉಳೀಲಿ."